ಸಾಸ್ವೆಹಳ್ಳಿಯ ಇನ್ನೊಂದು ಕಣಜ

ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ತಯಾರಾದ ಆ ಪುಡಿಯನ್ನು ಯಾರು ಕೊಳ್ಳುತ್ತಾರೆ ಎಂಬುದು ಅದನ್ನು ಕಂಡುಹಿಡಿದವರಿಗೇ ಗೊತ್ತಿರಲಿಲ್ಲ. ಮುಚ್ಚಿದ ಡಬ್ಬಿಯಲ್ಲಿಟ್ಟರೆ ಒಳಗಿನ ಗಾಳಿಯಲ್ಲಿರುವ ಆಮ್ಲಜನಕವನ್ನೆಲ್ಲ ಅದು ಹೀರಿಕೊಳ್ಳುತ್ತಿತ್ತು, ಅಷ್ಟೆ. ಅದಕ್ಕೊಂದು ಉಪಯೋಗ, ಒಂದು ಮಾರುಕಟ್ಟೆ ಹುಡುಕುವ ಕೆಲಸ, ವಿಶ್ವವಿದ್ಯಾಲಯ ನಡೆಸುತ್ತಿದ್ದ ಸ್ಪರ್ಧೆಯೊಂದರ ಭಾಗವಾಗಿ, ಇಬ್ಬರು ವಿದ್ಯಾರ್ಥಿಗಳ ಪಾಲಿಗೆ ಬಂತು. ಒಬ್ಬಳು ರಸಾಯನಶಾಸ್ತ್ರ ಓದುತ್ತಿದ್ದ ಸವಳಂಗದ ಮೇಘಶ್ರೀ, ಇನ್ನೊಬ್ಬ ಎಂಬಿಎ ಮಾಡುತ್ತಿದ್ದ ಗುರುಬಸವರಾಜ್. ಅವರಿಗೆ ದಾರಿ ತೋರಿಸಲು ಒಪ್ಪಿಕೊಂಡವರು ಚನ್ನಗಿರಿಯ ವಾಣಿಶ್ರೀ. ಅಡಿಕೆ ಮಂಡಿ ನಡೆಸಿದ ಹೆಂಗಸು. ಪುಡಿಯ ವಿಚಾರ ತಿಳಿಯದಿದ್ದರೂ ಗಿರಾಕಿಯ ಮನಸ್ಸು ಅವರಿಗೆ ತಿಳಿಯುತ್ತಿತ್ತು.

“ತಗೊಂತೀರಾ ಅಂತ ಯಾರನ್ನೂ ಕೇಳಬ್ಯಾಡ್ರಪ್ಪ. ನಿಮಗೇನು ತೊಂದ್ರೆ ಐತೆ ಅಂತ ಕೇಳ್ರಿ” ಎಂದು ಮೊದಲ ದಿನವೇ ಹೇಳಿದ್ದರು.

ಹಾಗೆ ಕೇಳುತ್ತಾ ಹೋದಾಗ ಜಗಳೂರು ಕಡೆಯ ಹೆಂಗಸರು ಮೆಕ್ಕೆಜೋಳದ ಹುಳದ ಬಗ್ಗೆ ಹೇಳಿದರು. ಹುಳ ಸಾಯಲು ವಿಷದ ಮಾತ್ರೆ ಇಡಬೇಕು, ಇಟ್ಟರೆ ಮನೆಯೆಲ್ಲ ನಾತ, ಮಕ್ಕಳಿರುವ ಮನೆ. ಮೇಘಶ್ರೀಯ ಕಣ್ಣು ಅರಳಿತು. ಗಾಳಿ ಹೀರುವ ಪುಡಿಯನ್ನು ಚೀಲಕ್ಕೆ ತುಂಬಿ ಕಣಜದೊಳಗೆ ತೂಗುಹಾಕಿದರೆ ಹುಳ ಉಸಿರುಗಟ್ಟಿ ಸಾಯುತ್ತದೆ. ವಿಷವಿಲ್ಲ, ವಾಸನೆಯೂ ಇಲ್ಲ. ಮೊದಲು ಎರಡು ಮನೆಗಳಲ್ಲಿ ಇಟ್ಟು ನೋಡೋಣ ಎಂದವರು ವಾಣಿಶ್ರೀಯೇ. ಜಗಳೂರಿನ ಹತ್ತಿರದ ಹಳ್ಳಿಯಲ್ಲಿ ಗಾದ್ರಮ್ಮನ ಮನೆ, ಹೊನ್ನಾಳಿ ಕಡೆ ಸಾಸ್ವೆಹಳ್ಳಿಯ ಹೇಮಾವತಿಯ ಮನೆ. ಎರಡೂ ಕಡೆ ಆಳೆತ್ತರಕ್ಕಿಂತ ಎತ್ತರದ ಸಿಮೆಂಟಿನ ಕಣಜ, ಮೇಲೊಂದು ಬಾಯಿ. ಚೀಲಗಳನ್ನೂ ಆಮ್ಲಜನಕ ಅಳೆಯುವ ಪುಟ್ಟ ಮೀಟರನ್ನೂ ಇಳಿಬಿಟ್ಟು, ಬಾಯಿಗೆ ಪ್ಲಾಸ್ಟಿಕ್ ಹಾಳೆ ಬಿಗಿದು ಬಂದಿದ್ದರು.

ಕೆಲ ದಿನ ಬಿಟ್ಟು ಮೂವರೂ ಗಾದ್ರಮ್ಮನ ಮನೆಗೆ ಹೋದರು. ಹಾಳೆ ಬಿಚ್ಚಿ ಒಂದು ಹಿಡಿ ಜೋಳ ತೆಗೆದರೆ ಹುಳಗಳೆಲ್ಲ ಸತ್ತು ಬಿದ್ದಿದ್ದವು. ಗಾದ್ರಮ್ಮ ಖುಷಿಯಿಂದ ಚಹಾ ಕಾಸಲು ಒಳಗೆ ಹೋದಳು. ವಾಣಿಶ್ರೀ ಅಂಗಳದಲ್ಲಿ ನಿಂತು, ಇಂಥ ಚೀಲಕ್ಕೆ ಎಷ್ಟು ಬೆಲೆ ಇಡಬಹುದೆಂದು ಗುರುಬಸವರಾಜನ ಜೊತೆ ಮಾತಾಡುತ್ತಿದ್ದರು.

“ಒಳಗಿನ ಮೀಟರ್ ಬಿದ್ದೈತೆ ಮೇಡಂ, ತಗೊಂಡು ಬರ್ತೀನಿ” ಎಂದು ಮೇಘಶ್ರೀಯ ದನಿ ಕೇಳಿತು. ಬಾಯಿ ತೆರೆದಿದೆಯಲ್ಲ, ಹೊರಗಿನ ಗಾಳಿ ಒಳಗೆ ಹೋಗಿರುತ್ತದೆ ಎಂದುಕೊಂಡಿದ್ದಳು ಹುಡುಗಿ. ವಾಣಿಶ್ರೀ ತಿರುಗಿ ನೋಡುವಷ್ಟರಲ್ಲಿ ಏಣಿಯ ಮೇಲೆ ಯಾರೂ ಇರಲಿಲ್ಲ. ಒಳಗೆ ಜೋಳ ಸರಿದ ಸದ್ದಾಯಿತು. ಆಮೇಲೆ ಏನೂ ಇಲ್ಲ.

“ಮೇಘಾ!”

ಉತ್ತರ ಬರಲಿಲ್ಲ. ಗುರುಬಸವರಾಜ್ ಒಂದೇ ನೆಗೆತಕ್ಕೆ ಏಣಿ ಹತ್ತಿ ಕಣಜದ ಬಾಯಿಗೆ ಕಾಲು ಹಾಕಿದ. ವಾಣಿಶ್ರೀ ಓಡಿಬಂದು ಏಣಿಯ ಎರಡು ಮೆಟ್ಟಿಲು ಹತ್ತಿ ಅವನ ಇನ್ನೊಂದು ಕಾಲನ್ನು ಅವುಚಿಕೊಂಡರು.

“ಬಿಡ್ರಿ ಮೇಡಂ! ಅಲ್ಲೇ ಬಿದ್ದಾಳೆ, ಕಾಣ್ತಾಳೆ!”

“ಇಳೀಬ್ಯಾಡ! ಇಳಿದ್ರೆ ನೀನೂ ಬೀಳ್ತೀಯ!”

ಅವನು ಒದ್ದ. ಆ ಒದೆತ ಅವರ ಭುಜಕ್ಕೆ ಬಿತ್ತು. ಅವರು ಬಿಡಲಿಲ್ಲ. ಒಬ್ಬಳು ಒಳಗೆ ಸಾಯುತ್ತಿದ್ದಾಳೆ, ಕಾಪಾಡಲು ಹೊರಟವನನ್ನು ನಾನೇ ಹಿಡಿದು ನಿಲ್ಲಿಸಿದ್ದೇನೆ ಎಂಬ ಅರಿವಿನಲ್ಲೇ ಇನ್ನೂ ಬಿಗಿಯಾಗಿ ಹಿಡಿದರು. “ಗೋಡೆ ಒಡೀರಿ! ಯಾರಾದ್ರೂ ಬರ್ರಿ!” ಎಂದು ಕಿರುಚಿದರು.

ಗಾದ್ರಮ್ಮನ ಗಂಡ ಚಿತ್ತಪ್ಪ ಹಾರೆ ಹಿಡಿದು ಓಡಿಬಂದ. ಕಣಜದಲ್ಲಿ ಜೋಳ ಅರ್ಧ ಮಾತ್ರ ಇತ್ತು. ಅದರ ಮಟ್ಟಕ್ಕಿಂತ ಸ್ವಲ್ಪ ಮೇಲೆ ಗೋಡೆಗೆ ಹೊಡೆಯತೊಡಗಿದ. ಗುರುಬಸವರಾಜ್ ಕೆಳಗೆ ಹಾರಿ ಕೈಗೆ ಸಿಕ್ಕ ಗುದ್ದಲಿ ಎತ್ತಿಕೊಂಡ. ಸಿಮೆಂಟ್ ಬಿರುಕು ಬಿಟ್ಟು ತೂತಾಯಿತು, ತೂತು ಕಿಂಡಿಯಾಯಿತು. ಮೊದಲು ಕಂಡದ್ದು ಅವಳ ಪಾದ. ಎಳೆದು ಅಂಗಳದಲ್ಲಿ ಮಲಗಿಸಿದಾಗ ತುಟಿ ನೀಲಿಗಟ್ಟಿತ್ತು. ವಾಣಿಶ್ರೀ ಅವಳ ಬಾಯಿಗೆ ಬಾಯಿ ಇಟ್ಟು ಉಸಿರು ಊದಿದರು, ಮತ್ತೆ ಊದಿದರು. ಕೊನೆಗೆ ಹುಡುಗಿ ಕೆಮ್ಮಿದಳು. ಗಾದ್ರಮ್ಮ ನೆಲಕ್ಕೆ ಕುಸಿದು ಅತ್ತಳು.

ಜಗಳೂರಿನ ಆಸ್ಪತ್ರೆಯಲ್ಲಿ ಡಾಕ್ಟರು, “ಇನ್ನೊಂದು ಗಳಿಗೆ ತಡ ಆಗಿದ್ರೆ ಕಷ್ಟ ಇತ್ತು” ಎಂದರು. ಮಾಸ್ಕ್ ಹಾಕಿಕೊಂಡು ಮಲಗಿದ್ದ ಮೇಘಶ್ರೀಗೆ ಸಂಜೆಯ ಹೊತ್ತಿಗೆ ಪೂರ್ತಿ ಎಚ್ಚರವಾಯಿತು. ಅವಳು ಮಾಸ್ಕ್ ಸರಿಸಿ ಕೇಳಿದ ಮೊದಲ ಮಾತು ಒಂದೇ.

“ಹೇಮಕ್ಕನ ಮನೆ ಕಣಜ?”

ಗುರುಬಸವರಾಜ್ ಆಗಲೇ ಫೋನ್ ಮಾಡುತ್ತಿದ್ದ. ಹೇಮಾವತಿಯ ಫೋನ್ ಸ್ವಿಚ್ ಆಫ್. ಆ ಮನೆಯಲ್ಲಿ ಇನ್ನೊಂದು ಫೋನ್ ಇರಲಿಲ್ಲ, ಅಕ್ಕಪಕ್ಕದವರ ನಂಬರ್ ಯಾರ ಹತ್ತಿರವೂ ಇರಲಿಲ್ಲ. ಮಗಳ ಬಳಿ ಕೂರಲು ಸವಳಂಗದಿಂದ ತಂದೆತಾಯಿ ಬರುತ್ತಿದ್ದರು. ಅಲ್ಲಿಯವರೆಗೆ ನಾನಿರುತ್ತೇನೆ, ನೀವು ಹೊರಡಿ ಎಂದಳು ಗಾದ್ರಮ್ಮ.

ವಾಣಿಶ್ರೀಯೇ ಕಾರು ಓಡಿಸಿದರು. ದಾವಣಗೆರೆಯ ಸಿಗ್ನಲ್ಲಿನಲ್ಲಿ ಕೆಂಪು ದೀಪ ಆರುವುದೇ ಇಲ್ಲವೇನೋ ಅನ್ನಿಸಿತು. ಗುರುಬಸವರಾಜ್ ಮತ್ತೆ ಮತ್ತೆ ನಂಬರ್ ಒತ್ತುತ್ತಿದ್ದ, ಫೋನಿನೊಳಗಿನ ಹೆಣ್ಣುದನಿ ಮತ್ತೆ ಮತ್ತೆ ಅದೇ ಮಾತು ಹೇಳುತ್ತಿತ್ತು. ಇಡೀ ದಿನ ಮನೆಯಲ್ಲಿ ಹೇಮಾವತಿಯ ಜೊತೆ ಇರುವುದು ಅತ್ತೆ ಒಬ್ಬಳೇ, ಅವಳಿಗೆ ಕಿವಿ ಕೇಳುವುದಿಲ್ಲ. ಬಿದ್ದರೂ ಯಾರಿಗೂ ಗೊತ್ತಾಗುವುದಿಲ್ಲ. ವಾಣಿಶ್ರೀಗೆ ಹೊನ್ನಾಳಿಯ ಸೇತುವೆ ಬಂದದ್ದೂ ಹೋದದ್ದೂ ತಿಳಿಯಲಿಲ್ಲ.

ಸಾಸ್ವೆಹಳ್ಳಿಯ ಮನೆಯ ಬಾಗಿಲು ತೆರೆದಿತ್ತು. ಹಿತ್ತಲಿನ ಕಣಜಕ್ಕೆ ಏಣಿ ಒರಗಿಸಿತ್ತು. ಬಾಯಿಗೆ ಕಟ್ಟಿದ್ದ ಪ್ಲಾಸ್ಟಿಕ್ ಹಾಳೆ ಬಿಚ್ಚಿ ಜೋತಾಡುತ್ತಿತ್ತು. ಏಣಿಯ ಬುಡದಲ್ಲಿ ಒಂದು ಜೊತೆ ಹೆಂಗಸರ ಚಪ್ಪಲಿ.

ಗುರುಬಸವರಾಜ್ ಏಣಿಯನ್ನು ಗಟ್ಟಿಯಾಗಿ ಹಿಡಿದುಕೊಂಡ. ವಾಣಿಶ್ರೀ ಏಣಿ ಹತ್ತಿದರು. ತಲೆ ಒಳಗೆ ಹಾಕದೆ ದೂರದಿಂದಲೇ ಫೋನಿನ ಬೆಳಕು ಬಿಟ್ಟರು. ಜೋಳದ ಮೇಲೆ ಕಾಲಿಟ್ಟ ಗುಂಡಿಗಳು ಕಂಡವು. ಮನುಷ್ಯರು ಕಾಣಲಿಲ್ಲ.

“ಯಾರದು?” ಅತ್ತೆ ಹನುಮಂತಮ್ಮ ಹೊರಗೆ ಬಂದಳು. ವಾಣಿಶ್ರೀ ಅವಳ ಕಿವಿಯ ಹತ್ತಿರ ಕೂಗಿ ಕೇಳಬೇಕಾಯಿತು.

“ಹೇಮಾನಾ? ಹಿಟ್ಟಿನ ಗಿರಣಿಗೆ ಹೋಗ್ಯಾಳೆ. ಬೆಳಿಗ್ಗೆ ಜೋಳ ತೆಗೆಯಾಕೆ ಇಳಿದ್ಲು. ತಲೆ ಗಿರ್ ಅಂತು, ಕಣ್ಣು ಕತ್ತಲೆ ಬಂತು ಅಂತ ಹೆಂಗೋ ಎದ್ದು ಬಂದ್ಲು. ಉಪವಾಸ ಇದ್ದಳಲ್ಲ, ಅದಕ್ಕೇ ಇರಬೇಕು.”

ವಾಣಿಶ್ರೀ ಏಣಿಯ ಕೊನೆಯ ಮೆಟ್ಟಿಲ ಮೇಲೆ ಕೂತುಬಿಟ್ಟರು. ಸ್ವಲ್ಪ ಹೊತ್ತಿಗೆ ಹೇಮಾವತಿ ಬರಿಗಾಲಲ್ಲೇ ಹಿಟ್ಟಿನ ಡಬ್ಬಿ ಸೊಂಟಕ್ಕೆ ಇಟ್ಟುಕೊಂಡು ಬಂದು, “ಅಯ್ಯೋ, ಫೋನ್ ಮಾಡಿ ಬರಬಾರದಾ ಅಕ್ಕಾ? ಚಾರ್ಜೇ ಇರಲಿಲ್ಲ ನೋಡ್ರಿ” ಎಂದು ನಕ್ಕಳು. ವಾಣಿಶ್ರೀ ಅವಳ ಕೈ ಹಿಡಿದುಕೊಂಡು, ತಲೆ ತಿರುಗಿದ್ದು ಉಪವಾಸದಿಂದಲ್ಲ, ಈ ಚೀಲದಿಂದ ಎಂದು ಹೇಳಿದರು. ಹೊರಡುವ ಮೊದಲು ಕೊಕ್ಕೆ ಹಾಕಿ ಚೀಲಗಳನ್ನೆಲ್ಲ ಎಳೆದು ಕಾರಿಗೆ ತುಂಬಿಕೊಂಡರು.

ವಿಶ್ವವಿದ್ಯಾಲಯದಲ್ಲಿ ಅಂತಿಮ ಪ್ರದರ್ಶನದ ದಿನ ಕಾರ್ಯಕ್ರಮದ ಸಂಚಾಲಕ ಸತೀಶ್ ಕುಮಾರ್ ವಾಣಿಶ್ರೀಯನ್ನು ಪಕ್ಕಕ್ಕೆ ಕರೆದರು. “ಹುಡುಗಿ ಆರಾಮಾಗಿದ್ದಾಳಲ್ಲ ಮೇಡಂ. ಆ ವಿಷಯ ಯಾಕೆ ಎತ್ತಬೇಕು?” ವಾಣಿಶ್ರೀ ಉತ್ತರ ಕೊಡುವ ಮೊದಲೇ ಮೇಘಶ್ರೀ ವೇದಿಕೆ ಹತ್ತಿದ್ದಳು. “ಈ ಪುಡಿಯಿಂದ ನಾನು ಸತ್ತೇ ಹೋಗುತ್ತಿದ್ದೆ” ಎಂದೇ ಶುರು ಮಾಡಿದಳು. ಬಹುಮಾನ ಬೇರೆ ತಂಡಕ್ಕೆ ಹೋಯಿತು. ಮನೆಗಳಲ್ಲಿ ಪುಡಿ ಇಡುವುದು ಅಲ್ಲಿಗೆ ನಿಂತಿತು.

ಮಳೆಗಾಲ ಮುಗಿಯುತ್ತಿದ್ದಂತೆ ಹೇಮಾವತಿ ಫೋನ್ ಮಾಡಿದಳು.

“ಅಕ್ಕಾ, ಜೋಳಕ್ಕೆ ಮತ್ತೆ ಹುಳ ಬಿದ್ದಾವೆ. ನಿಮ್ಮ ಚೀಲ ಭಾಳ ಚಲೋ ಇತ್ತು. ಈ ಸಲ ಒಳಗೆ ಇಳಿಯಲ್ಲ, ರೊಕ್ಕ ಕೊಡ್ತೀನಿ, ಇನ್ನೆರಡು ಕೊಡ್ರಿ. ನಮ್ಮ ಬೀದಿಯವರೆಲ್ಲ ಕೇಳ್ತಾ ಇದ್ದಾರೆ.”

ವಾಣಿಶ್ರೀ ಫೋನನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡರು.

“ಇಲ್ಲ ಹೇಮಾ, ಕೊಡಲ್ಲ. ನೀ ಎಷ್ಟು ಕೇಳಿದ್ರೂ ಕೊಡಲ್ಲ” ಎಂದರು.