ಕೆಂಪು ಗೀಟಿನ ಡಬ್ಬಿಗಳು

ಹಳೆಯ ಪರೀಕ್ಷೆಗೆ ಎಂಟು ವಾರ ಬೇಕು, ಹೊಸ ಮೆಷಿನ್ನಿಗೆ ಎರಡು ಗಂಟೆ ಸಾಕು. ಆ ಎರಡು ಗಂಟೆಯ ಮಾತನ್ನು ಎಷ್ಟು ನಂಬಬಹುದೆಂದು ತೂಗಿ ನೋಡುವುದೇ ಲ್ಯಾಬಿಗೆ ಬಂದಿದ್ದ ಕೆಲಸ. ಕೆಮ್ಮುವವರ ಕಫವನ್ನು ಎರಡು ಪಾಲು ಮಾಡಿ ಒಂದನ್ನು ಮೆಷಿನ್ನಿಗೆ ಕೊಡುವುದು, ಇನ್ನೊಂದನ್ನು ಸೀಸೆಯಲ್ಲಿಟ್ಟು ಕ್ಷಯದ ಕ್ರಿಮಿ ಬೆಳೆಯುತ್ತದೆಯೇ ಎಂದು ಕಾಯುವುದು. ಸೀಸೆ ನೋಡಿ ಹೇಳುವವಳು ಲ್ಯಾಬಿನ ಹಿರಿಯ ಟೆಕ್ನೀಷಿಯನ್. ಎಲ್ಲರ ಬಾಯಲ್ಲಿ ಭೂತಗನ್ನಡಿ ಅಕ್ಕ. ಕೆಮ್ಮುವವರಿಗೆ ಅಂದೇ ಹೇಳಿ ಕಳಿಸಿದ್ದ ಮೆಷಿನ್ನಿನ ಉತ್ತರವನ್ನು ಅವಳ ಕಣ್ಣಿಗೆ ಮಾತ್ರ ಬೀಳದಂತೆ ಲಕೋಟೆಯಲ್ಲಿ ಮುಚ್ಚಿಟ್ಟಿದ್ದರು. ಅದನ್ನು ಒಡೆದದ್ದು ಇವತ್ತು ಬೆಳಿಗ್ಗೆ.

"ಸೀಸೆ ಕ್ಷಯ ಅಂದ ನೂರರಲ್ಲಿ ಮೆಷಿನ್ನು ತೊಂಬತ್ತಾರು ಹಿಡಿದಿದೆ!" ಡಾಕ್ಟರು ಕಾಗದವನ್ನು ಅವಳತ್ತ ತಳ್ಳಿದರು. "ಸಹಿ ಹಾಕಿಬಿಡಮ್ಮ, ಮಧ್ಯಾಹ್ನ ಕಳಿಸ್ಬೇಕು."

ಅವಳು ಬೆರಳಿಟ್ಟು ಸಾಲು ಸಾಲಾಗಿ ಎಣಿಸಿದಳು. ತುಟಿ ಮಾತ್ರ ಅಲ್ಲಾಡುತ್ತಿತ್ತು.

"ಮೂವತ್ತೊಂದು ಕಮ್ಮಿ ಇದೆ ಸಾರ್."

"ಕೆಂಪು ಗೀಟಿನವು. ಅದೇನು ಕಫಾನಾ? ಬರೀ ಎಂಜಲು. ಬಿಟ್ಟಿದೀನಿ."

ಬಾಗಿಲಲ್ಲಿ ಖಾಲಿ ಡಬ್ಬಿಗಳ ತಟ್ಟೆ ಹಿಡಿದು ನಿಂತಿದ್ದ ನರ್ಸಿನ ಮುಖ ಬಿಳಿಚಿತು. ಅಂಗಳದಲ್ಲಿ ಕಫ ತೆಗೆದುಕೊಳ್ಳುವವಳು ಅವಳೇ, ಅಕ್ಕನ ನಾದಿನಿ. ಕಫ ತೆಳ್ಳಗೆ ಬಂದ ಡಬ್ಬಿಗಳಿಗೆ ಕೆಂಪು ಗೀಟು ಎಳೆದವಳೂ ಅವಳೇ.

"ಅಯ್ಯೋ ಅತ್ತಿಗೆ, ಎರಡು ಸಲ ನೋಡ್ಲಿ ಅಂತ ಗೀಟು ಹಾಕಿದ್ದು, ಕೈಬಿಡ್ಲಿ ಅಂತಲ್ಲ! ಅಷ್ಟು ಜನದ ಎದುರು ಕ್ಯಾಕರಿಸೋಕೆ ಹೆಣ್ಮಕ್ಳಿಗೆ ನಾಚಿಕೆ. ಗೋಡೆ ಕಡೆ ತಿರುಗಿ ಒಂಚೂರು ಉಗಿದು ಓಡಿಹೋಗ್ತಾರೆ."

"ನಾಚ್ಕೊಂಡಿದ್ದು ಅವರು, ಕ್ರಿಮಿ ಅಲ್ಲ," ಎಂದಳು ಅಕ್ಕ.

ಮೇಜಿಗೆ ಬಂದದ್ದನ್ನು ಹಿಂದಕ್ಕೆ ಕಳಿಸುವ ಅಭ್ಯಾಸ ಅವಳಿಗಿರಲಿಲ್ಲ. ಮೂವತ್ತೊಂದನ್ನೂ ಸೀಸೆಗೆ ಹಾಕಿದ್ದಳು. ಈಗ ಹನ್ನೆರಡು ಸೀಸೆಗಳನ್ನು ತಂದು ಕಾಗದದ ಪಕ್ಕ ಸಾಲಾಗಿ ನಿಲ್ಲಿಸಿದಳು. ಒಳಗೆ ಕ್ರಿಮಿಗೆ ಆಹಾರವಾಗಿ ಓರೆಯಾಗಿ ಹೆಪ್ಪುಗಟ್ಟಿಸಿದ ಹಸಿರು ಪದರದ ಮೇಲೆ ಹೂಕೋಸಿನ ಚೂರುಗಳಂತೆ ಕ್ರಿಮಿ ಬೆಳೆದಿತ್ತು.

"ನಿಮ್ಮ ಎಂಜಲು, ಸಾರ್. ಲಕೋಟೆ ಪ್ರಕಾರ ಈ ಹನ್ನೆರಡರಲ್ಲಿ ಮೆಷಿನ್ನು ಹಿಡಿದದ್ದು ಮೂರು. ಸೇರಿಸಿದ್ರೆ ನೂರಕ್ಕೆ ಎಂಬತ್ತೆಂಟು."

"ಎಂಬತ್ತೆಂಟನ್ನ ಯಾರು ಮೂಸ್ತಾರೆ? ನೀನು ಹಾಕದಿದ್ರೆ ಆ ಕುರ್ಚೀಲಿ ಬೇರೆಯವರನ್ನ ಕೂರಿಸ್ತೀನಿ."

"ಕೂರಿಸಿ. ನಾಲಿಗೆ ಹೊರಳದ ಪದ್ಯ ಹಾರಿಸಿ ಕಾವ್ಯ ಪೂರ್ತಿ ಓದಿದೆ ಅಂದ್ರೆ, ಎದುರು ಕೂತು ಕೇಳ್ದೋರು ಒಪ್ತಾರಾ? ಕೇಳ್ದೋಳು ನಾನು." ಅವಳ ದನಿ ಏರಲಿಲ್ಲ. "ಮೆಷಿನ್ನಿನ ಮಾತು ನಂಬಿ, ಏನೂ ಇಲ್ಲ ಹೋಗಿ ಅಂತ ಉಳಿದ ಒಂಬತ್ತು ಜನರನ್ನ ಕಳಿಸಿ ಎರಡು ತಿಂಗಳಾಯ್ತು. ಮಕ್ಕಳ ಮಗ್ಗುಲಲ್ಲೇ ಮಲಗಿ ಕೆಮ್ತಿರ್ತಾರೆ. ಪಟ್ಟೀಲೇ ಇಲ್ಲ ಅಂದ್ಮೇಲೆ ಅವರನ್ನ ಕರೆಯೋರು ಯಾರು?"

ಕಾಗದವನ್ನು ಮಗುಚಿ, ಬಿಟ್ಟ ಮೂವತ್ತೊಂದು ನಂಬರುಗಳನ್ನೂ ಮಸಿಯಲ್ಲಿ ಬರೆದು, ಮೆಷಿನ್ನು ತಪ್ಪಿಸಿದ ಒಂಬತ್ತಕ್ಕೆ ಸುತ್ತು ಹಾಕಿದಳು. ಕೆಳಗೆ ಎಂಬತ್ತೆಂಟು ಎಂದು ಬರೆದು, ಅದರ ಕೆಳಗೆ ಸಹಿ ಹಾಕಿದಳು.

"ನನ್ನ ಸಹಿ ಈ ಕಡೆಗೆ. ಆ ಕಡೆಗಲ್ಲ."

ಡಾಕ್ಟರು ಬಾಯಿ ತೆರೆಯುವಷ್ಟರಲ್ಲಿ ಗೋಡೆಯ ಹತ್ತಿರ ಮಾತು ಕೇಳಿಸಿತು. ನಾದಿನಿ ತಟ್ಟೆ ಕೆಳಗಿಟ್ಟು, ರಿಜಿಸ್ಟರ್ ಬಿಚ್ಚಿಕೊಂಡು ಫೋನಿನ ಮುಂದೆ ನಿಂತಿದ್ದಳು.

"ಅಮ್ಮಾ, ಆಸ್ಪತ್ರೆಯಿಂದ. ನಿಮಗೆ ಏನೂ ಇಲ್ಲ ಅಂದಿದ್ವಲ್ಲ, ತಪ್ಪಾಗಿದೆ. ಇವತ್ತೇ ಬನ್ನಿ."

"ಯಾರನ್ನ ಕೇಳಿ ಫೋನ್ ಮಾಡ್ತಿದೀಯ?" ಡಾಕ್ಟರು ಗುಡುಗಿದರು.

ಅವಳು ಅಂಗೈಯಿಂದ ಫೋನು ಮುಚ್ಚಿದಳು.

"ಇನ್ನೂ ಎಂಟು ಜನ ಇದಾರೆ ಸಾರ್. ಆಮೇಲೆ ಬೈಯಿರಿ."