ಎಕರೆಗೆ ಎಷ್ಟು

ಗೋಡೆಗೆ ಒರಗಿಸಿ ಕುರ್ಚಿಯಲ್ಲಿ ಕೂರಿಸಿದ್ದ ಅಣ್ಣನ ಹಣೆಗೆ ಸಿದ್ದಲಿಂಗಪ್ಪ ವಿಭೂತಿ ಹಚ್ಚುತ್ತಿದ್ದಾಗ ಕಿಸೆಯೊಳಗಿನ ಫೋನು ಮತ್ತೆ ಬಡಿದುಕೊಂಡಿತು. ಬೆರಳೆಲ್ಲ ವಿಭೂತಿ. ಎಡಗೈಯಿಂದ ತೆಗೆದು ಕಿವಿಗೆ ಹಿಡಿದ. ಊರಿನಿಂದ ಮಗ ಶ್ರೀಶೈಲ.

“ಅಪ್ಪಾ, ಆಳು ಬದುವಿನ ಮ್ಯಾಲೆ ಕುಂತಾರ. ಮೋಡ ಕಪ್ಪಾಗೈತಿ. ಯೂರಿಯಾ ಎಕರೆಗೆ ಒಂದು ಚೀಲ ಹಾಕ್ಸಲ್ಯೋ, ಎರಡೋ?”

“ದೊಡ್ಡಪ್ಪನ್ನ ಇನ್ನೂ ಎತ್ತಿಲ್ಲೋ!”

“ಮಳಿಗೆ ಅದು ತಿಳೀತೈತೇನು? ಬಾಜೂಕಿನವರು ಎರಡು ಹಾಕ್ಯಾರ, ಬೆಳಿ ಕರ್ರಗ ನಿಂತೈತಿ. ನಮ್ಮದು ನೋಡಿ, ಮುಂಬೈ ಸಾಹೇಬ್ರು ಹೂಂ ಅನ್ನಲಿಲ್ಲೇನೋ ಅಂತ ನಗ್ತಾರ.”

“ತಡಿ, ಹೇಳ್ತೀನಿ.”

ಏನು ಹೇಳುವುದು? ಊರಿನ ಎರಡು ಎಕರೆ ಗೋವಿನಜೋಳಕ್ಕೆ ಮೇಲುಗೊಬ್ಬರ ಎಷ್ಟು ಎಂಬುದನ್ನು ಪ್ರತಿ ಮಳೆಗಾಲ ಮುಂಬೈ ಜೋಗೇಶ್ವರಿಯ ಈ ಚಾಳಿನಿಂದ ಅಣ್ಣ ಕಾಶಪ್ಪ ಫೋನಿನಲ್ಲಿ ಹೇಳುತ್ತಿದ್ದ. ಕಡಿಮೆಯಾದರೆ ತೆನೆ ತುಂಬದು. ಹೆಚ್ಚಾದರೆ ಪೈರು ಸೊಕ್ಕಿ ಗಾಳಿಗೆ ಅಡ್ಡ ಬೀಳುತ್ತದೆ. ಈ ಮಳೆ ತಪ್ಪಿದರೆ ಹಾಕುವ ಹದವೇ ದಾಟಿಹೋಗುತ್ತದೆ.

ಪಕ್ಕದ ಖೋಲಿಯ ಶೀಲಾವತಿ ಹೂವಿನ ಬುಟ್ಟಿ ಇಳಿಸಿ ಮುಖ ಗಂಟಿಕ್ಕಿದಳು. “ಎಂತದು ಮಾರಾಯ್ರೇ, ಸತ್ತವರ ಎದುರು ಗೊಬ್ಬರದ ಮಾತಾ?”

“ರೆಹನೇ ದೋ, ಇರ್ಲಿ ಬಿಡ್ರಿ ಆಂಟಿ,” ಎಂದ ಕಾಶಪ್ಪನ ಮಗ ಕಿಶೋರ. “ಹಾಸ್ಪಿಟಲ್‌ದಾಗ ಭೀ ಪಪ್ಪಾ ಅದೇ ಕೇಳಿದ್ರು. ಊರಾಗ ಬಾರಿಶ್ ಬಂತೇನು ಅಂತ.”

ಸಿದ್ದಲಿಂಗಪ್ಪ ತನ್ನ ಚೀಲದಿಂದ ಒಂದು ಹಸಿರು ಬಟ್ಟೆಯ ತುಂಡನ್ನು ತೆಗೆದ. ಅದರೊಳಗೆ ಸುತ್ತಿದ್ದ ಗೋವಿನಜೋಳದ ಎಲೆ ಬಾಡಿ ಸುರುಳಿಯಾಗಿತ್ತು. ನಿನ್ನೆ ಹೊರಡುವಾಗ, ಅಣ್ಣನಿಗೆ ತೋರಿಸಿಯೇ ಕೇಳೋಣವೆಂದು ಕಿತ್ತುಕೊಂಡಿದ್ದ. ಬಸ್ಸು ಕೊಲ್ಹಾಪುರ ದಾಟುವಷ್ಟರಲ್ಲಿ ಅಣ್ಣ ಶಿವನ ಪಾದ ಸೇರಿದ್ದ. ಈಗ ಅಳತೆಯ ಬಟ್ಟೆ ಇಲ್ಲಿ, ಪೈರು ಅಲ್ಲಿ.

*

ಬಹಳ ವರ್ಷಗಳ ಹಿಂದೆ ಸಿದ್ದಲಿಂಗಪ್ಪ ನೆರೆಯವರನ್ನು ನೋಡಿ ಯೂರಿಯಾ ಸುರಿದಿದ್ದ. ಪಂಚಮಿಗೆ ಊರಿಗೆ ಬಂದ ಕಾಶಪ್ಪ ಕಂಡದ್ದು ನೆಲಕ್ಕೆ ಮಲಗಿದ ಬೆಳೆ. ಗೊಬ್ಬರ ಸಾಲದೆ ಬಿಟ್ಟಿದ್ದ ಮೂಲೆಯ ನಾಲ್ಕು ಸಾಲು ಮಾತ್ರ ನೆಟ್ಟಗಿದ್ದವು.

ಕಾಶಪ್ಪ ತಮ್ಮನನ್ನು ಬೈಯಲಿಲ್ಲ. ಆ ಸಾಲುಗಳ ಮುಂದೆ ಬಹಳ ಹೊತ್ತು ಕುಳಿತು ಎಲೆಯ ಹಸಿರು ನೋಡಿದ. ಅವನದು ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯ ಕೆಲಸ. ಮುಂಬೈಗೆ ಮರಳಿ, ಆ ಎಲೆಯ ಹಸಿರು ಬರುವ ತನಕ ಬಣ್ಣ ಕಲಸಿ, ಒಂದು ಬಟ್ಟೆಯನ್ನು ಅದ್ದಿ ಒಣಗಿಸಿ ಎರಡು ತುಂಡು ಮಾಡಿದ. ಒಂದನ್ನು ತಮ್ಮನಿಗೆ ಕಳಿಸಿದ, ಒಂದನ್ನು ತಾನಿಟ್ಟುಕೊಂಡ.

“ಎಲಿ ಇದಕ್ಕಿಂತ ತಿಳಿ ಇದ್ರ ಗೊಬ್ಬರ ಬೇಡ್ತೈತಿ, ಗಾಢ ಇದ್ರ ಕೈ ಹಿಡಿ. ಹಾಕೂಕಿಂತ ಮೊದಲ ನನಗ ಫೋನ್ ಹಚ್ಚು,” ಎಂದಿದ್ದ.

*

“ವೈನಿ, ಅಣ್ಣನ ತುಂಡು ಎಲ್ಲೈತಿ?”

ಶವದ ಪಕ್ಕ ಕುಳಿತಿದ್ದ ಕಾಶಪ್ಪನ ಹೆಂಡತಿ ನಾಗವ್ವ ಎದ್ದು ಟ್ರಂಕಿನ ತಳಕ್ಕೆ ಕೈ ಹಾಕಿದಳು. ಶೀಲಾವತಿ ಮೆಲ್ಲನೆ, “ಅಕ್ಕಾ, ಇವತ್ತು ಹಸಿರು ಮುಟ್ಟುದು ಬೇಡ,” ಎಂದಳು.

“ಇದು ಉಡೋದಲ್ಲವ್ವಾ, ಅಳತಿ.”

ಸಿದ್ದಲಿಂಗಪ್ಪ ಎರಡು ತುಂಡುಗಳನ್ನು ಜೋಡಿಸಿ ಇಟ್ಟ. ಟ್ರಂಕಿನದು ದಟ್ಟ ಹಸಿರು. ವರ್ಷವರ್ಷವೂ ಹೊಲದ ಬಿಸಿಲು ಕಂಡ ಅವನದು ಚಿಗುರಿನಂತೆ ತಿಳಿಯಾಗಿತ್ತು.

“ಇಷ್ಟು ದಿವಸ ನಾ ಸುಳ್ಳು ಅಳತಿ ಹಿಡದೇನಲ್ಲ ವೈನಿ! ಎಲಿ ಗಾಢ ಐತಿ ಅಂತ ಅಣ್ಣಗ ಹೇಳ್ಕೋತ ಬಂದೇನಲ್ಲ!”

“ಬೆಳಿ ಕೆಟ್ಟಿತ್ತೇನು?”

“ಇಲ್ಲ... ಕೆಟ್ಟಿಲ್ಲ.”

“ನಾ ಈ ತುಂಡು ಟ್ರಂಕಿನಿಂದ ಹೊರಗ ತಗದದ್ದು ಇವತ್ತ ಮೊದಲ ಸಲ, ತಮ್ಮಾ. ಅವರು ಒಮ್ಮೆನೂ ಕೇಳಲಿಲ್ಲ.”

“ಮತ್ತ ಎಷ್ಟು ಅಂತ ಹೆಂಗ ಹೇಳತಿದ್ದ?”

“ನೀವು ಎಲಿ ಹೆಂಗೈತಿ ಅಂತ ಹೇಳಿದ ಮ್ಯಾಲೆ, ನಿನಗೆಷ್ಟು ಅನಸ್ತೈತಿ ಅಂತ ಕೇಳತಿದ್ರು. ನೀವು ಅಂದದ್ದಕ್ಕ ಹೂಂ ಅನ್ನತಿದ್ರು. ಹೊಲಾ ನೋಡೋ ಕಣ್ಣು ಅವನದು, ನಾ ಬರೇ ಹೂಂ ಅನ್ನಾಂವ ಅಂತಿದ್ರು. ಫೋನ್ ಇಟ್ಟ ಕೂಡ್ಲೆ ಲಿಂಗಾ ಹಿಡದು ಕಣ್ಣು ಮುಚ್ಚತಿದ್ರು.”

ಸಿದ್ದಲಿಂಗಪ್ಪ ಅಣ್ಣನ ಮುಖ ನೋಡಿದ. ಫೋನು ಮತ್ತೆ ಬಡಿದುಕೊಂಡಿತು.

“ಅಪ್ಪಾ, ಹನಿ ಶುರು ಆತು! ಎರಡು ಹಾಕಸ್ತೀನಿ.”

“ನಿಂದ್ರು!” ಎಂದ ಸಿದ್ದಲಿಂಗಪ್ಪ. ಅವನು ಕಣ್ಣು ಮುಚ್ಚಿದ. ನಿನ್ನೆ ಮುಂಜಾನೆ ನಡೆದ ಸಾಲು, ಕಾಲಿಗೆ ತಾಗಿದ ಎಲೆಗಳು ಕಣ್ಣಿಗೆ ಬಂದವು. “ಬುಡದ ಎಲಿ ಹಳದಿ ಆಗಿಲ್ಲ. ದಂಟು ದಪ್ಪ ಐತಿ. ಎಕರೆಗೆ ಒಂದ ಚೀಲ. ಉಳದದ್ದು ಮನಿಗೆ ಒಯ್ಯಿ.”

“ಬಾಜೂಕಿನವರು ನಗ್ತಾರ.”

“ನಗಲಿ.”

“ಯಾರು ಹೇಳಿದ್ರು, ಒಂದ ಅಂತ?”

“ನಾ ಹೇಳಾಕತ್ತೇನಿ.”

ಅಷ್ಟರಲ್ಲಿ ಕೆಳಗೆ ಗಾಡಿ ಬಂದು ಹಾರ್ನ್ ಮಾಡಿತು. ಕಾಶಪ್ಪನನ್ನು ಕೂರಿಸಿದ ಕುರ್ಚಿಯನ್ನು ನಾಲ್ವರು ಎತ್ತಿದರು. ಚಾಳಿನ ಮೆಟ್ಟಿಲು ಇಕ್ಕಟ್ಟು. ಕೆಳಗಡೆ ಹಿಡಿದ ಕಿಶೋರ ಹಿಮ್ಮುಖವಾಗಿ ಇಳಿಯುತ್ತಿದ್ದ, ಅವನಿಗೆ ತಿರುವು ಕಾಣುತ್ತಿರಲಿಲ್ಲ. ಮೇಲ್ಗಡೆ ಹಿಡಿದವನು ಸಿದ್ದಲಿಂಗಪ್ಪ.

“ಕಾಕಾ, ಔರ್ ಕಿತ್ನಾ? ಇನ್ನೆಷ್ಟು?”

“ಇನ್ನೊಂದೀಟು ಬಲಕ್ಕ.”

ಕುರ್ಚಿ ವಾಲಿತು. ಮಾಲೆಯಿಂದ ಒಂದು ಚೆಂಡುಹೂವು ಕಳಚಿ ಮೆಟ್ಟಿಲಿನಿಂದ ಮೆಟ್ಟಿಲಿಗೆ ಉರುಳಿತು.

“ಇನ್ನೊಂದೀಟು... ಇನ್ನೂ... ಹಾಂ, ಸಾಕು. ಇನ್ನ ಇಳಸು.”