ತೊಟ್ಟಿಲ ಕೌದಿಯೊಳಗಿನ ಮೊನೆ

ಅವ್ವ ತೊಟ್ಟಿಲ ಕೌದಿಯ ಸಾಲುಗಳನ್ನೆಲ್ಲ ಒಂದೇ ಕಡೆಯಿಂದ ಹೊಲಿಯುತ್ತಿದ್ದಳು. ನಾನು ಕೂಸಿಗೆ ಹಾಲುಣಿಸುತ್ತ ನೋಡುತ್ತಿದ್ದೆ. ಮಷಿನ್ ಮೇಲೆ ಒಂದು ಸಾಲು ಹೋದರೆ ಮುಂದಿನದು ಎದುರು ದಿಕ್ಕಿನಿಂದ ಬರಬೇಕು. ಇಲ್ಲದಿದ್ದರೆ ಮೇಲಿನ ಬಟ್ಟೆ ಜರುಗುತ್ತ ಹೋಗಿ ತುದಿಯಲ್ಲಿ ಗಂಟುಗಟ್ಟುತ್ತದೆ.

"ಅವ್ವಾ, ತಿರುಗಿಸಿ ಹೊಲಿ. ತುದ್ಯಾಗ ದಪ್ಪ ಆಗಾಕತ್ತೈತಿ."

"ನಿನ್ನ ಬಿ.ಎ. ನಿನ್ನ ಮಗಗ ಕಲಸು. ಹೆಸರಿಡಾಕ ಮುಧೋಳದಿಂದ ನಿಮ್ಮತ್ತಿ ಮನಿಯವ್ರು ಬರೂ ಹೊತ್ತಾತು."

ಟಕ್ಕೆಂದಿತು. ಸೂಜಿ ಮುರಿದಿತ್ತು. ಅವ್ವ ಮೇಲಿನ ತುಂಡನ್ನು ಬಿಚ್ಚಿ ತೆಗೆದಳು. ಮೊನೆ ಎಲ್ಲಿ ಎಂದು ಕೇಳಿದೆ.

"ನೆಲಕ್ಕ ಬಿದ್ದಿರತೈತಿ, ಬಿಡ ಬೇ."

ನೆಲದ ಮೇಲೆ ಇರಲಿಲ್ಲ. ನಮ್ಮಲ್ಲಿ ಹೆಸರಿಡುವ ದಿನ ಕೂಸು ಮಲಗುವುದು ತವರಿನ ಕೌದಿಯ ಮೇಲೆ. ಅದನ್ನು ಬಿಚ್ಚಿದರೆ ಕೂಸಿನ ಆಯುಷ್ಯ ಬಿಚ್ಚಿದಂತೆ ಎನ್ನುತ್ತಾರೆ. ಕೂಸನ್ನು ಬದಿಗೆ ಮಲಗಿಸಿ, ಗಂಟುಗಟ್ಟಿದ ತುದಿಯಲ್ಲಿ ಹೊಲಿಗೆ ಬಿಚ್ಚಿದೆ. ಅವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಹಳೆಯ ಸೀರೆಯ ಪದರುಗಳ ನಡುವೆ ಮೊನೆ ಸಿಕ್ಕಿತು.

"ಸಿಕ್ತಲ್ಲ? ಆತು, ಕೊಡು."

ಮುರಿದ ಸೂಜಿಗೆ ಅದನ್ನು ಜೋಡಿಸಿ ನೋಡಿದೆ. ಕೂಡಲಿಲ್ಲ. ಸಿಕ್ಕಿದ್ದು ಇದಕ್ಕಿಂತ ಸಣ್ಣ ಸೂಜಿಯ ಮೊನೆ.

"ಅವ್ವಾ, ಇದು ಬ್ಯಾರೆ. ಈಗ ಮುರದದ್ದು ಇನ್ನೂ ಒಳಗ ಐತಿ."

ಅವ್ವ ನನ್ನ ಕಡೆ ನೋಡಲಿಲ್ಲ. "ಮುಂಜಾನೆನೂ ಒಂದು ಮುರದಿತ್ತು. ಹೇಳಿದ್ರ ನೀ ಹೊಲಿಯಾಕ ಬಿಡ್ತಿದ್ದೇನು?"

ನಮ್ಮ ನೇಕಾರರ ಓಣಿಯಲ್ಲಿ ಆಟೋ ನಿಂತಿತು. ಮಗ್ಗಗಳ ಸದ್ದನ್ನು ಮೀರಿ ನಮ್ಮ ಅತ್ತೆ ಕೆಂಪವ್ವನವರ ದನಿ ಕೇಳಿತು: "ಏನ್ರಿ ಬೀಗತಿ, ಕೌದಿ ಆತೋ, ಇಲ್ಲಾ ನನ್ನ ಮೊಮ್ಮಗನ್ನ ಗೋಣಿಚೀಲದ ಮ್ಯಾಲ ಹಾಕ್ತೀರೋ?"

ಜೊತೆಗೆ ಬಂದವರು ನಕ್ಕರು. ಅವ್ವ ಪಿಸುಗುಟ್ಟಿದಳು. "ಒಳಗ ಪದರ ದಪ್ಪ ಅದಾವು, ಚುಚ್ಚೂದಿಲ್ಲ. ಮಾನ ಕಳೀಬ್ಯಾಡ."

ನಾನು ಕೌದಿ ಬಿಡಲಿಲ್ಲ. ಚುಚ್ಚಲಿ ಎಂದು ಸಾಲಿನಿಂದ ಸಾಲಿಗೆ ಅಂಗೈ ಒತ್ತಿ ಎಳೆದೆ. ಏನೂ ಚುಚ್ಚಲಿಲ್ಲ. ಅಷ್ಟರಲ್ಲಿ ಅತ್ತೆ ಒಳಗೆ ಬಂದು ಕೂಸನ್ನು ಎತ್ತಿಕೊಂಡಿದ್ದರು.

"ತಾ ತಂಗಿ, ತೊಟ್ಟಿಲಾಗ ಹಾಸು."

ಕೌದಿಯನ್ನು ಬಚ್ಚಲಿಗೆ ಒಯ್ದು, ನೀರು ತುಂಬಿದ ಬಕೆಟ್ಟಿನಲ್ಲಿ ಮುಳುಗಿಸಿದೆ. ಒದ್ದೆ ಕೌದಿಯನ್ನು ಯಾರೂ ಹಾಸಲಾರರು. ತಿರುಗಿ ನೋಡಿದರೆ ಎಲ್ಲರೂ ಬಾಗಿಲಲ್ಲಿ ನಿಂತಿದ್ದರು. ಅತ್ತೆ ಕೂಸನ್ನು ಎದೆಗೆ ಅವಚಿಕೊಂಡು ಹಿಂದೆ ಸರಿದರು.

"ಬಾಣಂತಿ ಸನ್ನಿ ಇದು. ಇಕಿ ಕೈಯಾಗ ಕೂಸು ಕೊಡಬ್ಯಾಡ್ರಿ."

"ಸೂಜಿ ಐತ್ರಿ ಅದರಾಗ," ಎಂದೆ. "ಅವ್ವಾ, ಹೇಳು."

ಅವ್ವ ಅತ್ತೆಯ ಮುಖ ನೋಡಿದಳು, ಬಂದವರ ಮುಖ ನೋಡಿದಳು.

"ನಿನ್ನೆಯಿಂದ ಹಿಂಗ ಮಾಡಾಕತ್ತಾಳ್ರಿ," ಎಂದಳು.